ರೂಢಿಯ ವಾರಸುದಾರರು: ಎಡ್ಮಂಡ್ ಬರ್ಕ್‌ನ ಸಂಪ್ರದಾಯವಾದ ಕುರಿತು ಒಂದು ಜಾನಪದೀಯ ವಿಮರ್ಶೆ

ಸಂಪ್ರದಾಯವಾದಿ ರಾಜಕೀಯ ಚಿಂತನೆಯನ್ನು ಆಸ್ತಿ, ಹಕ್ಕು, ಪ್ರಭುತ್ವ ಎಂಬ ಪರಿಕಲ್ಪನೆಗಳ ಮೂಲಕ ಪರಿಶೀಲಿಸುವುದು ರಾಜ್ಯಶಾಸ್ತ್ರಜ್ಞರ ವಾಡಿಕೆ. ಜಾನಪದ ವಿದ್ವಾಂಸರಿಗೆ ಈ ಚಿಂತನೆಯಲ್ಲಿ ಬೇರೊಂದು ಕಾರಣಕ್ಕೆ ಆಸಕ್ತಿ ಹುಟ್ಟಬೇಕಾಗಿದೆ. ಅದು ತನ್ನ ನೈತಿಕ ಬಲವನ್ನೆಲ್ಲ ಪಡೆಯುವುದು ರೂಢಿಯಿಂದ. ತಲೆಮಾರುಗಳಿಂದ ನಡೆದುಬಂದದ್ದರಲ್ಲಿ ಯಾವ ಒಬ್ಬ ವ್ಯಕ್ತಿಯ ತರ್ಕಕ್ಕೂ ಎಟುಕದ ವಿವೇಕ ಅಡಗಿರುತ್ತದೆ, ಆದ್ದರಿಂದ ಅದನ್ನು ಕೆಡವುವ ಮುನ್ನ ನೂರು ಸಲ ಯೋಚಿಸಬೇಕು ಎಂಬುದು ಅದರ ಮೂಲಸೂತ್ರ. ರೂಢಿಯಾದರೋ ನಮ್ಮ ಶಾಸ್ತ್ರದ ಅಧ್ಯಯನವಸ್ತು. ಹೊಲ, ಕಣ, ಸಂತೆ, ಜಾತ್ರೆಗಳಲ್ಲಿ ರೂಢಿ ಹೇಗೆ ಬದುಕುತ್ತದೆ, ಯಾರು ಅದನ್ನು ನೆನಪಿಡುತ್ತಾರೆ, ಯಾರು ಅದನ್ನು ಮರೆಯಲು ಬಯಸುತ್ತಾರೆ ಎಂಬುದನ್ನು ನಾವು ಬಲ್ಲೆವೆಂದು ಹೇಳಿಕೊಳ್ಳುತ್ತೇವೆ. ಹೀಗಿರುವಾಗ ರೂಢಿಯ ಹೆಸರಿನಲ್ಲಿ ಮಾತನಾಡುವ ಒಂದು ರಾಜಕೀಯ ದರ್ಶನವು ನಿಜವಾದ ರೂಢಿಗಳ ಎದುರು ಬಂದಾಗ ಹೇಗೆ ನಡೆದುಕೊಂಡಿತು ಎಂದು ಕೇಳುವ ಅಧಿಕಾರ ನಮಗಿದೆ.

ಈ ಪ್ರಶ್ನೆಗೆ ಎಡ್ಮಂಡ್ ಬರ್ಕ್‌ನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಡಬ್ಲಿನ್ನಿನಲ್ಲಿ ಹುಟ್ಟಿ, 1765ರಿಂದ 1794ರವರೆಗೆ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನಾಗಿದ್ದು, 1797ರಲ್ಲಿ ತೀರಿಕೊಂಡ ಈತ ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿ 1790ರಲ್ಲಿ ಬರೆದ ಗ್ರಂಥವು ಆಧುನಿಕ ಸಂಪ್ರದಾಯವಾದದ ಮೂಲಗ್ರಂಥವೆಂದು ಮಾನ್ಯವಾಗಿದೆ. ಅಮೆರಿಕದ ರಸೆಲ್ ಕರ್ಕ್ 1953ರಲ್ಲಿ ಸಂಪ್ರದಾಯವಾದಿ ಮನಸ್ಸಿನ ಚರಿತ್ರೆಯನ್ನು ಬರೆದಾಗ ಅದರ ವಂಶಾವಳಿಯನ್ನು ಬರ್ಕ್‌ನಿಂದಲೇ ಆರಂಭಿಸಿದ. ಮುಕ್ತ ಮಾರುಕಟ್ಟೆಯ ವಕ್ತಾರ ಹಯೆಕ್ 1960ರಲ್ಲಿ, ತಾನು ಸಂಪ್ರದಾಯವಾದಿಯಲ್ಲ ಎಂದು ವಾದಿಸುತ್ತಲೇ, ಬರ್ಕ್‌ನ ಹಾಗೆ ತಾನೂ ಒಬ್ಬ ಹಳೆಯ ವಿಗ್ ಎಂದು ಕರೆದುಕೊಂಡ. ಒಬ್ಬನು ಸಂಪ್ರದಾಯಕ್ಕಾಗಿ, ಇನ್ನೊಬ್ಬನು ಮಾರುಕಟ್ಟೆಗಾಗಿ ಒಂದೇ ಹಿರಿಯನ ಬಳಿಗೆ ಹೋದದ್ದು ಆಕಸ್ಮಿಕವಲ್ಲ. ಬರ್ಕ್‌ನೊಳಗೇ ಈ ಎರಡೂ ಇದ್ದವು, ಮತ್ತು ಅವು ಒಂದರೊಡನೊಂದು ಸುಖವಾಗಿರಲಿಲ್ಲ ಎಂಬುದು ಈ ಪ್ರಬಂಧದ ವಾದ. ಬಂಡವಾಳದ ನೀತಿ, ಮತಾಧಿಕಾರ, ವಾಕ್ ಸ್ವಾತಂತ್ರ್ಯ ಎಂಬ ಮೂರು ನೆಲೆಗಳಲ್ಲಿ ಇದನ್ನು ನೋಡಬಹುದು. ಮೊದಲನೆಯದರಲ್ಲಿ ಸಾಮಗ್ರಿ ಹೆಚ್ಚು ಶ್ರೀಮಂತವಾಗಿರುವುದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಿದೆ.

*

1788ರಲ್ಲಿ ಇಂಗ್ಲೆಂಡಿನ ಕಾಮನ್ ಪ್ಲೀಸ್ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂದಿತು. ಸಫೋಕ್ ಪ್ರಾಂತ್ಯದ ಟಿಮ್‌ವರ್ತ್ ಎಂಬ ಹಳ್ಳಿಯ ಮೇರಿ ಹೌಟನ್ ಎಂಬ ಹೆಣ್ಣುಮಗಳು ಕೊಯ್ಲಾದ ಹೊಲವೊಂದರಲ್ಲಿ ಹಕ್ಕಲು ಆಯ್ದಿದ್ದಳು. ಹೊಲದ ಒಡೆಯ ಸ್ಟೀಲ್ ಎಂಬಾತ ಅದನ್ನು ಅತಿಕ್ರಮಣವೆಂದು ದಾವೆ ಹೂಡಿದ. ಹಕ್ಕಲು ಎಂದರೇನೆಂದು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. ಕೊಯ್ದವರ ಕೈ ತಪ್ಪಿ ನೆಲಕ್ಕೆ ಬಿದ್ದ ತೆನೆಗಳನ್ನು ಬಡವರು, ವಿಧವೆಯರು, ಮಕ್ಕಳು ಆಯ್ದುಕೊಳ್ಳುವ ಪದ್ಧತಿ ನಮ್ಮಲ್ಲಿಯೂ ಇತ್ತು. ಇಂಗ್ಲೆಂಡಿನ ಹಳ್ಳಿಗರ ದೃಷ್ಟಿಯಲ್ಲಿ ಅದು ಭಿಕ್ಷೆಯಲ್ಲ, ಹಕ್ಕು. ಅದಕ್ಕೆ ಬೈಬಲ್ಲಿನ ಆಧಾರವಿತ್ತು, ಎಣಿಕೆಗೆ ಸಿಗದಷ್ಟು ಸುಗ್ಗಿಗಳ ಆಧಾರವಿತ್ತು. ನಾಲ್ವರು ನ್ಯಾಯಾಧೀಶರಲ್ಲಿ ಮೂವರು, ಸಾಮಾನ್ಯ ಕಾನೂನಿನಲ್ಲಿ ಅಂಥ ಹಕ್ಕು ಯಾರಿಗೂ ಇಲ್ಲವೆಂದು ತೀರ್ಮಾನಿಸಿದರು. ಆಸ್ತಿ ಎಂದರೆ ಒಡೆಯನೊಬ್ಬನ ಅನನ್ಯ ಅನುಭೋಗ, ಅನ್ಯರ ಹಕ್ಕಲು ಅದರ ಸ್ವಭಾವಕ್ಕೆ ಹೊಂದದು ಎಂಬುದು ಮುಖ್ಯ ನ್ಯಾಯಾಧೀಶ ಲಾರ್ಡ್ ಲಾಫ್‌ಬರೊನ ಅಭಿಪ್ರಾಯವಾಗಿತ್ತು. ಗೌಲ್ಡ್ ಎಂಬ ಒಬ್ಬ ನ್ಯಾಯಾಧೀಶ ಮಾತ್ರ ಭಿನ್ನಮತ ಬರೆದ.

ಇದಾದ ಎರಡು ವರ್ಷಕ್ಕೆ ಬರ್ಕ್‌ನ ಗ್ರಂಥ ಬಂದಿತು. ಅದರಲ್ಲಿ ಅವನು ತರ್ಕದ ಅಳತೆಗೋಲು ಹಿಡಿದು ಹಳೆಯ ವ್ಯವಸ್ಥೆಯನ್ನು ಅಳೆಯುವವರನ್ನು ಕಟುವಾಗಿ ಟೀಕಿಸುತ್ತಾನೆ. ಹಕ್ಕುಗಳು ಹುಟ್ಟುವುದು ಅಮೂರ್ತ ಸೂತ್ರಗಳಿಂದಲ್ಲ, ದೀರ್ಘಕಾಲದ ಅನುಭೋಗದಿಂದ ಎನ್ನುತ್ತಾನೆ. ಸಮಾಜವೆಂಬುದು ಸತ್ತವರು, ಬದುಕಿರುವವರು ಮತ್ತು ಇನ್ನೂ ಹುಟ್ಟದವರ ನಡುವಣ ಪಾಲುದಾರಿಕೆ ಎಂಬ ಅವನ ಪ್ರಸಿದ್ಧ ಕಲ್ಪನೆ ಇಲ್ಲಿಯದೇ. ಈ ಪುಟಗಳನ್ನು ಓದಿದ ಜಾನಪದ ವಿದ್ಯಾರ್ಥಿ ತಲೆದೂಗದೆ ಇರಲಾರ. ಮೌಖಿಕ ಪರಂಪರೆಯನ್ನು ಕುರಿತು ನಾವು ಆಡುವ ಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ಆದರೆ ಈ ಸೂತ್ರವನ್ನು ಮೇರಿ ಹೌಟನ್‌ಳ ಮೊಕದ್ದಮೆಗೆ ಅನ್ವಯಿಸಿದರೆ ಸಂಪ್ರದಾಯವಾದಿ ಯಾರ ಪರ ನಿಲ್ಲಬೇಕು? ದೀರ್ಘಕಾಲದ ಅನುಭೋಗ ಆಕೆಯದು. ಅಮೂರ್ತ ಸೂತ್ರ ನ್ಯಾಯಾಲಯದ್ದು.

ಬರ್ಕ್ ಈ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಆದರೆ ಇದೇ ಬಗೆಯ ಪ್ರಶ್ನೆ 1795ರಲ್ಲಿ ಅವನ ಬಾಗಿಲಿಗೇ ಬಂದಿತು. ಬೆಳೆ ಕೆಟ್ಟು, ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ ಆ ವರ್ಷ ಗೋಧಿಯ ಬೆಲೆ ವಿಪರೀತವಾಗಿ ಏರಿತು, ಹಲವು ಪ್ರಾಂತ್ಯಗಳಲ್ಲಿ ಧಾನ್ಯದ ದಂಗೆಗಳಾದವು. ಈ ದಂಗೆಗಳನ್ನು ಇ. ಪಿ. ಥಾಮ್ಸನ್ 1971ರ ತನ್ನ ಲೇಖನದಲ್ಲಿ ನೈತಿಕ ಅರ್ಥವ್ಯವಸ್ಥೆ ಎಂಬ ಪರಿಕಲ್ಪನೆಯಿಂದ ವಿವರಿಸಿರುವುದು ಸುಪರಿಚಿತ. ಹಸಿದವರು ಕೊಳ್ಳೆ ಹೊಡೆದರು ಎಂಬ ವಿವರಣೆ ಸಾಲದು ಎಂದು ಆತ ತೋರಿಸಿದ. ಧಾನ್ಯವನ್ನು ಸಂತೆಗೆ ತಂದೇ ಮಾರಬೇಕು, ಬಡವರು ಚಿಲ್ಲರೆಯಾಗಿ ಕೊಂಡ ಮೇಲೆ ಸಗಟು ವ್ಯಾಪಾರಿಗಳ ಸರದಿ ಬರಬೇಕು, ದಾರಿಯಲ್ಲೇ ಅಡ್ಡಗಟ್ಟಿ ಕೊಂಡು ಬಚ್ಚಿಡುವುದು ಅಪರಾಧ ಎಂಬ ರೂಢಿಯೊಂದು ಜನರ ಮನಸ್ಸಿನಲ್ಲಿ ದೃಢವಾಗಿತ್ತು. ಎಲಿಜಬೆತ್ ರಾಣಿಯ ಮತ್ತು ಸ್ಟುವರ್ಟ್ ಅರಸರ ಕಾಲದ ಕ್ಷಾಮ ನಿಯಮಗಳ ನೆನಪು ಅದರ ಹಿಂದಿತ್ತು. 1766ರಲ್ಲಿ ಹಾನಿಟನ್ನಿನ ಕಸೂತಿ ಜಾಲರಿ ನೇಯುವವರು ರೈತರಿಂದ ಧಾನ್ಯ ಕಸಿದು, ತಾವು ನ್ಯಾಯವೆಂದು ಬಗೆದ ಬೆಲೆಗೆ ಸಂತೆಯಲ್ಲಿ ಮಾರಿ, ಬಂದ ಹಣವನ್ನೂ ಖಾಲಿ ಚೀಲಗಳನ್ನೂ ಆ ರೈತರಿಗೇ ಹಿಂದಿರುಗಿಸಿದ ಪ್ರಸಂಗವನ್ನು ಥಾಮ್ಸನ್ ಉಲ್ಲೇಖಿಸುತ್ತಾನೆ. ಚೀಲವನ್ನೂ ಹಿಂದಿರುಗಿಸಿದರು ಎಂಬ ಮಾತು ಒಂದೇ ಸಾಕು, ಇದು ದರೋಡೆಯಲ್ಲ, ಆಚರಣೆ ಎಂದು ತಿಳಿಯಲು.

1795ರ ನವೆಂಬರಿನಲ್ಲಿ ಬರ್ಕ್ ಪ್ರಧಾನಿ ಪಿಟ್‌ಗೆ ಒಂದು ನಿವೇದನೆಯನ್ನು ಕಳಿಸಿದ. ಅವನು ಸತ್ತ ಮೇಲೆ 1800ರಲ್ಲಿ ಅದು ಕ್ಷಾಮವನ್ನು ಕುರಿತ ಚಿಂತನೆಗಳು ಎಂಬ ಅರ್ಥದ ಹೆಸರಿನಲ್ಲಿ ಪ್ರಕಟವಾಯಿತು. ಕೂಲಿಯೂ ಒಂದು ಸರಕು, ಸರಕಿನ ಬೆಲೆಯಂತೆ ಅದೂ ಏರಿಳಿಯಬೇಕು; ಸರ್ಕಾರ ಬೆಲೆಯಲ್ಲಿಯೂ ಕೂಲಿಯಲ್ಲಿಯೂ ಕೈಹಾಕಬಾರದು; ದುಡಿಯುವ ಬಡವರು ಎಂಬ ಮಾತೇ ಒಂದು ಕಪಟದ ಮಾತು; ವಾಣಿಜ್ಯದ ನಿಯಮಗಳು ನಿಸರ್ಗದ ನಿಯಮಗಳು, ಆದ್ದರಿಂದ ದೈವದ ನಿಯಮಗಳು. ಇದು ಆ ಬರಹದ ಸಾರ. ಐದು ವರ್ಷದ ಹಿಂದೆ ಪ್ಯಾರಿಸ್ಸಿನ ತರ್ಕವಾದಿಗಳನ್ನು ಕಾಲದೇಶಗಳಿಗೆ ಕುರುಡಾದವರೆಂದು ಜರೆದವನು ಇಲ್ಲಿ ಕಾಲದೇಶಗಳಿಲ್ಲದ ನಿಯಮವೊಂದನ್ನು ಮುಂದಿಡುತ್ತಾನೆ. ಸಂತೆಯ ರೂಢಿ, ಅದರ ಸರದಿ, ಅದರ ಗಂಟೆ, ಅದರ ಅಳತೆ ಯಾವುದೂ ಅವನ ಪಾಲಿಗೆ ಪೂರ್ವಜರ ವಿವೇಕವಾಗಿ ಕಾಣುವುದಿಲ್ಲ. ದಾರಿಯಲ್ಲಿ ಅಡ್ಡಗಟ್ಟಿ ಕೊಳ್ಳುವುದನ್ನು ನಿಷೇಧಿಸಿದ್ದ ಹಳೆಯ ಶಾಸನಗಳನ್ನು ಪಾರ್ಲಿಮೆಂಟು 1772ರಲ್ಲಿ ರದ್ದುಪಡಿಸಿದಾಗಲೂ ಅವನು ಅದರ ಪರವಾಗಿದ್ದ. ಆಡಂ ಸ್ಮಿತ್ 1776ರಲ್ಲಿ, ದಾಸ್ತಾನುಕೋರರ ಬಗೆಗಿನ ಜನರ ಭಯವನ್ನು ಮಾಟಗಾತಿಯರ ಬಗೆಗಿನ ಭಯಕ್ಕೆ ಹೋಲಿಸಿದ್ದನಷ್ಟೆ. ಜಾನಪದ ನಂಬಿಕೆ ಎಂಬ ನಮ್ಮ ವರ್ಗೀಕರಣ ಅರ್ಥಶಾಸ್ತ್ರದ ಹುಟ್ಟಿನಲ್ಲಿಯೇ ಹೀಗೆ ಒಂದು ಆಯುಧವಾಗಿ ಬಳಕೆಯಾದದ್ದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕು.

ಬರ್ಕ್‌ನಿಗೆ ನ್ಯಾಯ ಸಲ್ಲಬೇಕಾದ ಒಂದೆರಡು ಮಾತುಗಳಿವೆ. ಅವನು ನಿರ್ದಯಿಯಲ್ಲ. ಬೀಕನ್ಸ್‌ಫೀಲ್ಡಿನ ತನ್ನ ಜಮೀನಿನ ಗಾಳಿಗಿರಣಿಯಲ್ಲಿ ಧಾನ್ಯ ಬೀಸಿಸಿ, ಮನೆಯಲ್ಲಿ ರೊಟ್ಟಿ ಮಾಡಿಸಿ ಸುತ್ತಲ ಬಡವರಿಗೆ ಕಡಿಮೆ ಬೆಲೆಗೆ ಕೊಡಿಸುತ್ತಿದ್ದನೆಂದು ಅವನ ಜೀವನಚರಿತ್ರೆಕಾರರು ಹೇಳುತ್ತಾರೆ. ಬೆಲೆ ಕಟ್ಟಿದರೆ ಧಾನ್ಯ ಸಂತೆಗೇ ಬಾರದೆ ಹೋಗುತ್ತದೆ ಎಂಬ ಅವನ ಆತಂಕವನ್ನು ಇಂದಿನ ಅರ್ಥಶಾಸ್ತ್ರಜ್ಞರಲ್ಲಿ ಹಲವರು ಒಪ್ಪುತ್ತಾರೆ. ಆದರೆ ವಿಷಯ ಇರುವುದು ಅಲ್ಲಲ್ಲ. ಹಸಿದವನಿಗೆ ರೊಟ್ಟಿ ಕೊಡುವುದು ಉಳ್ಳವನ ಧರ್ಮ, ಅದನ್ನು ಕೇಳುವುದು ಹಸಿದವನ ಹಕ್ಕಲ್ಲ ಎಂಬ ಗೆರೆಯನ್ನು ಅವನು ಎಳೆದ. ಸಂತೆಯ ರೂಢಿ ಆ ಗೆರೆಯ ಇನ್ನೊಂದು ಬದಿಯಲ್ಲಿತ್ತು.

*

ಇದೇ ಬರ್ಕ್ ದಕ್ಷಿಣ ಭಾರತವನ್ನು ಕುರಿತು ಮಾತನಾಡುವಾಗ ಬೇರೊಬ್ಬ ಮನುಷ್ಯನಾಗುತ್ತಾನೆ. 1785ರ ಫೆಬ್ರವರಿ 28ರಂದು ಅವನು ಆರ್ಕಾಟಿನ ನವಾಬನ ಸಾಲಗಳನ್ನು ಕುರಿತು ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣ ಕನ್ನಡನಾಡಿನ ಚರಿತ್ರೆಗೂ ಸಂಬಂಧಪಟ್ಟದ್ದು. ನವಾಬ ಮಹಮ್ಮದ್ ಅಲಿಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರರೇ ಖಾಸಗಿಯಾಗಿ ದುಬಾರಿ ಬಡ್ಡಿಗೆ ಸಾಲ ಕೊಟ್ಟು, ಆ ಸಾಲದ ಆಧಾರದ ಮೇಲೆ ಕರ್ನಾಟಿಕ್ ಪ್ರದೇಶದ ಕಂದಾಯವನ್ನು ಹೀರುತ್ತಿದ್ದರು. ಪಾಲ್ ಬೆನ್‌ಫೀಲ್ಡ್ ಅವರಲ್ಲಿ ಕುಖ್ಯಾತನಾದವನು. ಈ ಸಾಲಗಳನ್ನು ಪರಿಶೀಲನೆಯಿಲ್ಲದೆ ಮಾನ್ಯ ಮಾಡಲು ಸರ್ಕಾರ ಹೊರಟಾಗ ಬರ್ಕ್ ಅದನ್ನು ಎದುರಿಸಿದ. 1780ರಲ್ಲಿ ಹೈದರಾಲಿ ಘಟ್ಟವಿಳಿದು ಕರ್ನಾಟಿಕ್‌ಗೆ ನುಗ್ಗಿದ್ದನ್ನು ವರ್ಣಿಸುವ ಭಾಗ ಆ ಭಾಷಣದಲ್ಲಿ ಅತ್ಯಂತ ಪ್ರಸಿದ್ಧ. ಅಲ್ಲಿ ಹೈದರ್ ಬರಿಯ ಶತ್ರುವಲ್ಲ. ಮಾತಿಗೆ ತಪ್ಪಿದವರ ಮೇಲೆ ಎರಗಿದ ಶಿಕ್ಷೆಯಂತೆ, ಬೆಟ್ಟದ ಅಂಚಿನಲ್ಲಿ ಕವಿದು ನಿಂತ ಕಾರ್ಮೋಡದಂತೆ ಅವನನ್ನು ಚಿತ್ರಿಸಲಾಗಿದೆ. ಯುದ್ಧದ ಸಂಕಟಕ್ಕೆ ಮೂಲ ಹೊಣೆ ಸಾಲಿಗರ ದುರಾಸೆಯದು ಎಂಬುದು ಅದರ ಧ್ವನಿ.

ಜಾನಪದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು ಕೆರೆಗಳನ್ನು ಕುರಿತ ಭಾಗ. ನೆಲದ ಒಡಲೇ ಮಳೆಯನ್ನು ನೆಚ್ಚಿಕೊಂಡ ಆ ಸೀಮೆಯಲ್ಲಿ ಹಿಂದಿನವರು ಕಟ್ಟಿಸಿದ ಕೆರೆಗಳನ್ನು ಬರ್ಕ್ ಭಕ್ತಿಯಿಂದ ವರ್ಣಿಸುತ್ತಾನೆ. ಕರ್ನಾಟಿಕ್ ಮತ್ತು ತಂಜಾವೂರುಗಳಲ್ಲಿ ದೊಡ್ಡ ಮತ್ತು ನಡುಗಾತ್ರದ ಕೆರೆಗಳು ಹತ್ತು ಸಾವಿರಕ್ಕೆ ಕಡಿಮೆಯಿಲ್ಲ ಎನ್ನುತ್ತಾನೆ. ಒಂದು ನಕ್ಷೆಯನ್ನು ಮುಂದಿಟ್ಟುಕೊಂಡು ತಾನೇ ಎಣಿಸಿದಾಗ ಸಾವಿರದ ನೂರಕ್ಕೂ ಹೆಚ್ಚು ಕೆರೆಗಳು ಸಿಕ್ಕವು ಎಂದೂ ಹೇಳುತ್ತಾನೆ. ಲಂಡನ್ನಿನಲ್ಲಿ ಕುಳಿತು ನಮ್ಮ ಸೀಮೆಯ ಕೆರೆಗಳನ್ನು ಎಣಿಸಿದ ಮನುಷ್ಯನ ಬಗ್ಗೆ ಗೌರವ ಹುಟ್ಟುವುದು ಸಹಜ. ಕೆರೆ ಕಟ್ಟಿಸಿದವರು ಪ್ರಜೆಗಳನ್ನು ಮಕ್ಕಳೆಂದು ಬಗೆದ ನಿಜವಾದ ಅರಸರು, ತಮ್ಮ ಕಾಲವನ್ನು ಮೀರಿ ಮುಂದಿನ ತಲೆಮಾರುಗಳಿಗೆ ಉಪಕಾರ ಮಾಡಲು ಹಂಬಲಿಸಿದವರು ಎಂಬುದು ಅವನ ಭಾವ. ಸತ್ತವರು ಮತ್ತು ಹುಟ್ಟಲಿರುವವರ ಪಾಲುದಾರಿಕೆಗೆ ಕೆರೆಗಿಂತ ಒಳ್ಳೆಯ ರೂಪಕ ಯಾವುದಿದೆ? 1790ರ ಗ್ರಂಥದ ಆ ಕಲ್ಪನೆ ಐದು ವರ್ಷ ಮೊದಲೇ ತಮಿಳು ಸೀಮೆಯ ಕೆರೆಯೇರಿಯ ಮೇಲೆ ಮೂಡಿತೆಂದು ಹೇಳುವ ಆಸೆಯಾಗುತ್ತದೆ. ಅದಕ್ಕೆ ಪುರಾವೆಯಿಲ್ಲದಿರುವುದರಿಂದ ಅಷ್ಟಕ್ಕೇ ನಿಲ್ಲಿಸುವುದು ಒಳಿತು.

ಆದರೆ ಕೆರೆಯ ಬಗ್ಗೆ ನಮ್ಮ ಜನಪದರು ಇನ್ನೊಂದು ಕಥೆಯನ್ನು ಹೇಳಿದ್ದಾರೆ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂದಾಯಿತು. ಹಿರಿಯ ಸೊಸೆಯರನ್ನು ಬಿಟ್ಟು ಕಿರಿಯ ಸೊಸೆ ಭಾಗೀರಥಿಯನ್ನು ಕೆರೆಗೆ ಹಾರವಾಗಿಸಲಾಯಿತು. ‘ಕೆರೆಗೆ ಹಾರ’ ಕಥನಗೀತೆ ಕೆರೆ ಕಟ್ಟಿಸಿದವನ ಕೀರ್ತಿಯನ್ನು ಹಾಡುವುದಿಲ್ಲ. ಮನೆಯವರೆಲ್ಲರಿಗೂ ಗೊತ್ತಿದ್ದು, ಒಬ್ಬರೂ ಬಾಯಿಬಿಟ್ಟು ಆಡದ ಒಂದು ತೀರ್ಮಾನದ ಭಾರವನ್ನು ಅದು ಹೊರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಬಂದು ಅದೇ ಕೆರೆಗೆ ಹಾರುವುದರೊಂದಿಗೆ ಆ ಊರಿನ ಪುಣ್ಯದ ಲೆಕ್ಕ ತಲೆಕೆಳಗಾಗುತ್ತದೆ. ಹಾಡುವ ಹೆಂಗಸರಿಗೆ ಕೆರೆಯ ಉಪಯೋಗ ತಿಳಿಯದೆ ಇರಲಿಲ್ಲ, ಅವರು ಅದೇ ನೀರನ್ನು ಹೊತ್ತವರು. ಆದರೂ ಅವರ ನೆನಪಿನಲ್ಲಿ ನಿಂತದ್ದು ಕಟ್ಟಿಸಿದವನ ಔದಾರ್ಯವಲ್ಲ, ತೆತ್ತವಳ ಹೆಸರು. ಬರ್ಕ್‌ನ ಕೆರೆಯಲ್ಲಿ ಭಾಗೀರಥಿ ಇಲ್ಲ. ನೀರುಗಂಟಿಯೂ ಇಲ್ಲ, ಮಣ್ಣು ಹೊತ್ತ ಒಡ್ಡರೂ ಇಲ್ಲ.

ಇದನ್ನು ಅವನ ಅಜ್ಞಾನವೆಂದು ಬಿಟ್ಟುಬಿಡಲಾಗದು. ವಾರನ್ ಹೇಸ್ಟಿಂಗ್ಸನ ಮೇಲೆ ದೋಷಾರೋಪ ಹೊರಿಸಿ 1788ರಲ್ಲಿ ಆರಂಭವಾದ, 1795ರಲ್ಲಿ ಅವನ ಖುಲಾಸೆಯೊಂದಿಗೆ ಮುಗಿದ ವಿಚಾರಣೆಯಲ್ಲಿ ಬರ್ಕ್ ಬಂಗಾಳದ ರಂಗಪುರದ ರೈತರ ಮೇಲೆ ನಡೆದ ಚಿತ್ರಹಿಂಸೆಯನ್ನು ಸಭಾಭವನ ನಡುಗುವಂತೆ ವರ್ಣಿಸಿದ. ಒಂದೊಂದು ಅಕ್ಷಾಂಶಕ್ಕೆ ಒಂದೊಂದು ನೀತಿ ಎಂಬುದು ಇರಲಾರದೆಂದು ವಾದಿಸಿದ. ಅಧಿಕಾರವೆಂಬುದು ನ್ಯಾಸ, ವ್ಯಾಪಾರದ ಲಾಭವಲ್ಲ ಎಂದು 1783ರಲ್ಲಿಯೇ ಹೇಳಿದ್ದ. ವಸಾಹತು ಬಂಡವಾಳಕ್ಕೆ ಅವನು ಹಾಕಿದ ನೈತಿಕ ಪ್ರಶ್ನೆಗಳು ಆ ಶತಮಾನದಲ್ಲಿ ಬೇರೆ ಯಾರೂ ಅಷ್ಟು ಜೋರಾಗಿ ಕೇಳದಂಥವು. ಹಾಗಾದರೆ ರಂಗಪುರದ ರೈತನಿಗೆ ಕರಗಿದ ಮನಸ್ಸು ತನ್ನ ಪಕ್ಕದ ಹಳ್ಳಿಯ ಕೂಲಿಗಾರನ ಮುಂದೆ ಏಕೆ ಗಟ್ಟಿಯಾಯಿತು? ಒಂದು ಉತ್ತರವೆಂದರೆ, ರಂಗಪುರದ ರೈತ ಅವನ ಮಾತಿನಲ್ಲಿ ನೋವುಣ್ಣುವವನಾಗಿ ಮಾತ್ರ ಬರುತ್ತಾನೆ. ರೂಢಿ ಏನೆಂದು ಹೇಳುವ ಸಾಕ್ಷಿಯಾಗಿ ಬರುವುದಿಲ್ಲ. ಸಾಕ್ಷಿಗಳು ರಾಜರು, ಜಮೀನ್ದಾರರು, ಅವಧದ ಬೇಗಮರು, ಶಾಸ್ತ್ರ ಬಲ್ಲವರು. 1795ರ ಇಂಗ್ಲಿಷ್ ಕೂಲಿಗಾರ ಮಾಡಿದ ತಪ್ಪು ಇದೇ: ಅವನು ನೋವನ್ನು ತೋಡಿಕೊಂಡು ಸುಮ್ಮನಾಗಲಿಲ್ಲ, ರೂಢಿ ಹೀಗಿದೆ ಎಂದು ತಾನೇ ಸಾಕ್ಷಿ ನುಡಿದ.

ಇಲ್ಲಿ ನಮ್ಮ ಶಾಸ್ತ್ರದ ಕಡೆಗೂ ತಿರುಗಿ ನೋಡಬೇಕು. ಹಳ್ಳಿಯ ಆಯಗಾರ ಪದ್ಧತಿಯನ್ನು ವಿವರಿಸುವಾಗ ಕಮ್ಮಾರ, ಬಡಿಗ, ಅಗಸ, ಕುಂಬಾರ, ತಳವಾರ, ತೋಟಿ ಮೊದಲಾದವರು ಕಣದಲ್ಲಿ ರಾಶಿಯ ಪಾಲು ಪಡೆಯುತ್ತಿದ್ದುದನ್ನು ಪರಸ್ಪರಾವಲಂಬನೆಯ ಸುಂದರ ಚಿತ್ರವಾಗಿ ಬರೆಯುವುದು ನಮಗೆ ಸುಲಭ. ಆ ಪಾಲಿನಲ್ಲಿ ಹಕ್ಕೂ ಇತ್ತು, ಬಿಟ್ಟಿಯ ಬಂಧನವೂ ಇತ್ತು. ಯಾರು ರಾಶಿಯನ್ನು ಮುಟ್ಟಿ ಅಳೆದುಕೊಳ್ಳಬಹುದು, ಯಾರು ದೂರ ನಿಂತು ಸೆರಗೊಡ್ಡಬೇಕು ಎಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾನೂನನ್ನು ತೋಟಿಯ ಮಗ ರೂಢಿಯ ನಾಶವೆಂದು ದುಃಖಿಸಬೇಕಾಗಿರಲಿಲ್ಲ. ಆದ್ದರಿಂದ ರೂಢಿಯ ಪರ, ರೂಢಿಯ ವಿರೋಧ ಎಂಬ ಎರಡೇ ಪಕ್ಷಗಳನ್ನು ಮಾಡುವುದು ಬರ್ಕ್‌ನನ್ನೂ ಜನಪದರನ್ನೂ ಅರ್ಥಮಾಡಿಕೊಳ್ಳಲು ನೆರವಾಗದು. ಕಣದಲ್ಲಿ ಕೊಳಗ ಯಾರ ಕೈಯಲ್ಲಿದೆ ಎಂದು ಕೇಳಬೇಕು.

*

ಮತಾಧಿಕಾರದ ಪ್ರಶ್ನೆಯಲ್ಲಿ ಬರ್ಕ್‌ನ ನಿಲುವು ಹೆಚ್ಚು ಸ್ಪಷ್ಟ, ಆ ಕಾರಣಕ್ಕೇ ಹೆಚ್ಚು ಚರ್ಚೆಯನ್ನು ಬೇಡುವುದಿಲ್ಲ. 1774ರಲ್ಲಿ ಬ್ರಿಸ್ಟಲ್ ಮತದಾರರ ಮುಂದೆ ಅವನು, ಪ್ರತಿನಿಧಿಯಾದವನು ಮತದಾರರ ಆಣತಿಯ ಪ್ರಕಾರ ನಡೆಯತಕ್ಕವನಲ್ಲ, ತನ್ನ ವಿವೇಕವನ್ನು ಅವರ ಅಭಿಪ್ರಾಯಕ್ಕೆ ಒಪ್ಪಿಸಿಬಿಟ್ಟರೆ ಅದು ಅವರಿಗೇ ಬಗೆದ ದ್ರೋಹ ಎಂದ. ಆ ಮಾತಿಗೆ ತಕ್ಕಂತೆ ನಡೆದೂ ತೋರಿಸಿದ. ಐರ್ಲೆಂಡಿನ ವ್ಯಾಪಾರಕ್ಕೂ ಕ್ಯಾಥೊಲಿಕರಿಗೂ ವಿನಾಯಿತಿ ಕೊಡಬೇಕೆಂದು ನಿಂತು 1780ರಲ್ಲಿ ಆ ಕ್ಷೇತ್ರವನ್ನು ಕಳೆದುಕೊಂಡ. ಬಳಿಕ ತನ್ನ ಪಕ್ಷದ ನಾಯಕ ರಾಕಿಂಗ್‌ಹ್ಯಾಮನ ಹಿಡಿತದಲ್ಲಿದ್ದ ಮಾಲ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಮರಳಿದ. ಸ್ವತಂತ್ರ ವಿವೇಕವನ್ನು ಕಾಪಾಡಿಕೊಳ್ಳಲು ಒಬ್ಬ ಜಮೀನ್ದಾರನ ಕೃಪೆ ಬೇಕಾಯಿತು ಎಂಬುದನ್ನು ಅವನ ಅಭಿಮಾನಿಗಳು ಬೇಗ ದಾಟಿ ಹೋಗುತ್ತಾರೆ. 1796ರ ಬರಹವೊಂದರಲ್ಲಿ ಅವನು, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ರಾಜಕೀಯ ವಿಚಾರ ಮಾಡಲು ಬೇಕಾದ ಬಿಡುವು ಮತ್ತು ತಿಳಿವಳಿಕೆ ಉಳ್ಳವರು ಸುಮಾರು ನಾಲ್ಕು ಲಕ್ಷ ಮಂದಿ ಎಂದು ಲೆಕ್ಕ ಹಾಕಿದ. ಅವರಲ್ಲಿ ಐದನೆಯ ಒಂದು ಪಾಲು ಗುಣಪಡಿಸಲಾಗದ ಕ್ರಾಂತಿವಾದಿಗಳು ಎಂದೂ ಸೇರಿಸಿದ. ಅವನ ಪ್ರಕಾರ ‘ಜನ’ ಎಂದರೆ ಈ ನಾಲ್ಕು ಲಕ್ಷ.

ಉಳಿದವರು ಏನು ಮಾಡುತ್ತಿದ್ದರು? ಲಂಡನ್ನಿನ ಬಳಿಯ ವಾಂಡ್ಸ್‌ವರ್ತ್‌ನಲ್ಲಿ ಗ್ಯಾರಟ್ ಎಂಬ ಕಡೆ ಅಣಕು ಚುನಾವಣೆಯೊಂದು ನಡೆಯುತ್ತಿತ್ತು. ಗೋಮಾಳಕ್ಕೆ ಬೇಲಿ ಬೀಳುವುದನ್ನು ತಡೆಯಲು ಊರವರು ಕಟ್ಟಿಕೊಂಡ ಸಂಘದ ಮುಖ್ಯಸ್ಥನನ್ನು ಮೇಯರ್ ಎಂದು ಕರೆದದ್ದೇ ಇದರ ಮೂಲವೆಂಬ ಐತಿಹ್ಯವಿದೆ. ಮತವಿಲ್ಲದ ಜನ ಸಾವಿರಗಟ್ಟಲೆ ನೆರೆದು, ಮತವಿಲ್ಲದ ಅಭ್ಯರ್ಥಿಗಳಿಗೆ ‘ಸರ್’ ಎಂಬ ಬಿರುದು ಕೊಟ್ಟು, ಅಶ್ಲೀಲವಾದ ಪ್ರಮಾಣವಚನ ಬೋಧಿಸಿ, ಗ್ಯಾರಟ್ಟಿನ ಮೇಯರನನ್ನು ಆರಿಸುತ್ತಿದ್ದರು. 1785ರಲ್ಲಿ ಗೆದ್ದ ಜೆಫ್ರಿ ಡನ್‌ಸ್ಟನ್ ಅನಾಥನಾಗಿ ಬೆಳೆದ ಕುಳ್ಳ, ಬೀದಿಯಲ್ಲಿ ಹಳೆಯ ವಿಗ್ಗುಗಳನ್ನು ಮಾರುತ್ತಿದ್ದವನು. ಸ್ಯಾಮ್ಯುಯೆಲ್ ಫೂಟ್ 1763ರಲ್ಲಿಯೇ ಈ ಚುನಾವಣೆಯನ್ನು ನಾಟಕಕ್ಕೆ ತಂದಿದ್ದ. ಉತ್ತರ ಕರ್ನಾಟಕದ ಕಾಮಣ್ಣನ ಹಬ್ಬದ ಅಣಕು ಶವಯಾತ್ರೆಯನ್ನು ಬಲ್ಲವರಿಗೆ ಈ ನಗೆ ಅಪರಿಚಿತವಲ್ಲ. ಇಂಥ ಆಚರಣೆಗಳು ಸಿಟ್ಟನ್ನು ಹೊರಹಾಕಿ ವ್ಯವಸ್ಥೆಯನ್ನು ಉಳಿಸುತ್ತವೆಯೋ, ವ್ಯವಸ್ಥೆಯನ್ನು ಬಯಲಿಗೆಳೆದು ಸಡಿಲಿಸುತ್ತವೆಯೋ ಎಂಬ ವಾಗ್ವಾದ ನಮ್ಮಲ್ಲಿ ಹಳೆಯದು. ಗ್ಯಾರಟ್ಟಿನ ಮಟ್ಟಿಗೆ ಒಂದು ಮಾತನ್ನು ಖಚಿತವಾಗಿ ಹೇಳಬಹುದು. ಚುನಾವಣೆಯ ಆಚಾರ, ಭಾಷಣ, ಭರವಸೆ, ಲಂಚ ಇವೆಲ್ಲದರ ಒಳಮರ್ಮ ಅಲ್ಲಿ ನೆರೆದವರಿಗೆ ತಿಳಿದಿತ್ತು. ತಿಳಿಯದುದನ್ನು ಅಣಕಿಸಲಾಗದು. ತಿಳಿವಳಿಕೆಯನ್ನು ಓದು ಮತ್ತು ಬಿಡುವುಗಳಿಂದ ಮಾತ್ರ ಅಳೆದವನ ಗಣತಿಯಲ್ಲಿ ಈ ಅರಿವು ಬೀಳಲಿಲ್ಲ.

ಮೊದಲು ಓದು, ಆಮೇಲೆ ಮತ ಎಂಬ ವಾದಕ್ಕೆ ದೀರ್ಘಾಯುಷ್ಯ ಸಿಕ್ಕಿತು. ನಮ್ಮ ಸಂವಿಧಾನ ಅದನ್ನು ಒಪ್ಪಲಿಲ್ಲ. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದು, ಅವರಲ್ಲಿ ಬಹುಪಾಲು ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಜೋಡೆತ್ತು, ಗುಡಿಸಲು, ಕುಡುಗೋಲು, ತೆನೆ ಇವನ್ನು ಓದಬಲ್ಲವರಾಗಿದ್ದರು.

*

ವಾಕ್ ಸ್ವಾತಂತ್ರ್ಯದ ವಿಷಯಕ್ಕೆ ಬಂದರೆ, ಬರ್ಕ್‌ನ ಒಂದು ನುಡಿಗಟ್ಟೇ ಒಂದು ಸಾಹಿತ್ಯವನ್ನು ಹುಟ್ಟಿಸಿತು. ಕುಲೀನರೂ ಧರ್ಮಗುರುಗಳೂ ಬಿದ್ದರೆ ವಿದ್ಯೆಯೂ ಹಂದಿಗಳಂಥ ಜಂಗುಳಿಯ ಗೊರಸಿನಡಿ ಸಿಕ್ಕಿಹೋಗುತ್ತದೆ ಎಂಬ ಅರ್ಥದ ಮಾತನ್ನು ಅವನು 1790ರ ಗ್ರಂಥದಲ್ಲಿ ಬರೆದಿದ್ದ. ಜಂಗುಳಿ ಆ ಹೆಸರನ್ನು ಎತ್ತಿಕೊಂಡು ಹಣೆಗೆ ಕಟ್ಟಿಕೊಂಡಿತು. ಥಾಮಸ್ ಸ್ಪೆನ್ಸ್ 1793ರಿಂದ ‘ಹಂದಿಯ ಮೇವು’ ಎಂಬ ಅರ್ಥದ ಹೆಸರಿನಲ್ಲಿ ಒಂದು ಪೆನ್ನಿಯ ವಾರಪತ್ರಿಕೆ ಹೊರಡಿಸಿದ. ಕಿರೀಟ ಮೊದಲಾದ ಪ್ರಭುಚಿಹ್ನೆಗಳನ್ನು ಹಂದಿಯೊಂದು ತುಳಿಯುತ್ತಿರುವ ಚಿತ್ರವುಳ್ಳ ತಾಮ್ರದ ಬಿಲ್ಲೆಗಳನ್ನು ಟಂಕಿಸಿ ಹಂಚಿದ. ಡೇನಿಯಲ್ ಐಸಾಕ್ ಈಟನ್ ತನ್ನ ಪತ್ರಿಕೆಗೆ ಹಂದಿಯ ಕಲಗಚ್ಚು ಎಂದು ಹೆಸರಿಟ್ಟ. ‘ಮುದಿ ಹ್ಯೂಬರ್ಟ್’ ಎಂಬ ಕಾವ್ಯನಾಮದಲ್ಲಿ ಹಂದಿಗಳ ಪರವಾಗಿ ಬರ್ಕ್‌ನಿಗೆ ಅಹವಾಲು ಬರೆದವನು ಜೇಮ್ಸ್ ಪಾರ್ಕಿನ್‌ಸನ್. ನಡುಕದ ರೋಗವನ್ನು 1817ರಲ್ಲಿ ವಿವರಿಸಿ ಅದಕ್ಕೆ ತನ್ನ ಹೆಸರು ಬರುವಂತೆ ಮಾಡಿದ ವೈದ್ಯ ಇವನೇ.

ಈಟನ್ನನ ಮೊಕದ್ದಮೆ ಪ್ರಾಣಿಕಥೆಯ ಅಧ್ಯಯನಕಾರರಿಗೆಲ್ಲ ಪಠ್ಯವಾಗಬೇಕಾದದ್ದು. ತನ್ನ ತಿಪ್ಪೆಯಲ್ಲಿ ಉಳಿದ ಕೋಳಿಗಳನ್ನು ಹಿಂಸಿಸುತ್ತಿದ್ದ ಒಂದು ಜಗಳಗಂಟ ಹುಂಜದ ತಲೆ ಹಾರಿಸಿದ ಕಥೆಯನ್ನು ಜಾನ್ ಥೆಲ್ವಾಲ್ ಒಂದು ಚರ್ಚಾಕೂಟದಲ್ಲಿ ಹೇಳಿದ್ದ. ಈಟನ್ 1793ರಲ್ಲಿ ಅದನ್ನು ಅಚ್ಚು ಮಾಡಿದ. ರಾಜದ್ರೋಹದ ಬರಹವೆಂದು 1794ರ ಫೆಬ್ರವರಿಯಲ್ಲಿ ವಿಚಾರಣೆ ನಡೆಯಿತು. ದೋಷಾರೋಪಪತ್ರದಲ್ಲಿ ಹುಂಜ ಬಂದಲ್ಲೆಲ್ಲ ‘ಎಂದರೆ ನಮ್ಮ ಮಹಾರಾಜರು’ ಎಂಬರ್ಥದ ವಿವರಣೆಯನ್ನು ಸರ್ಕಾರದ ವಕೀಲರೇ ಸೇರಿಸಬೇಕಾಯಿತು. ಪ್ರತಿವಾದಿಯ ವಕೀಲ ಜಾನ್ ಗರ್ನಿ ಇದನ್ನೇ ಹಿಡಿದ: ಕ್ರೂರ ಹುಂಜವನ್ನು ಕಂಡಾಗ ನಮ್ಮ ಕೃಪಾಳು ಅರಸರು ನೆನಪಾದದ್ದು ಈಟನ್ನನಿಗಲ್ಲ, ಆರೋಪ ಹೊರಿಸಿದವರಿಗೆ. ಜ್ಯೂರಿ ಈಟನ್ನನನ್ನು ಬಿಟ್ಟುಬಿಟ್ಟಿತು. ಅರ್ಥವನ್ನು ಕೇಳುವವನ ಮೇಲೆ ಹೊರಿಸಿ ಹೇಳುವವನು ಪಾರಾಗುವ ಈ ತಂತ್ರ ಪಂಚತಂತ್ರದಷ್ಟು ಹಳೆಯದು. ನ್ಯಾಯಾಲಯದಲ್ಲಿ ಅದು ಹೀಗೆ ಅಕ್ಷರಶಃ ದುಡಿದ ನಿದರ್ಶನಗಳು ಅಪರೂಪ.

ಮಾತಿನ ಸ್ವಾತಂತ್ರ್ಯವನ್ನು ಪಾರ್ಲಿಮೆಂಟಿನಲ್ಲಿ ಅವನಷ್ಟು ಬಳಸಿಕೊಂಡವರು ಕಡಿಮೆ. ಹೇಸ್ಟಿಂಗ್ಸನನ್ನು ಏಳು ವರ್ಷ ಕಟಕಟೆಯಲ್ಲಿ ನಿಲ್ಲಿಸಿದ್ದು ಆ ಸ್ವಾತಂತ್ರ್ಯವೇ. ಆದರೆ ಕಾಸಿನ ಪುಸ್ತಿಕೆ, ಹೆಂಡದಂಗಡಿಯ ಸಭೆ, ಬೀದಿಯ ಲಾವಣಿ ಇವು ಅವನಿಗೆ ಮಾತುಗಳಾಗಿ ಕೇಳಿಸಲಿಲ್ಲ, ಸೋಂಕಾಗಿ ಕಂಡವು. 1792ರಿಂದ ಸರ್ಕಾರ ಹಿಡಿದ ದಮನದ ದಾರಿಗೆ ಅವನ ಬೆಂಬಲವಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಥಾಮಸ್ ಪೇನ್‌ನ ಗೈರುಹಾಜರಿಯಲ್ಲೇ ಅವನನ್ನು ಅಪರಾಧಿಯೆಂದು ತೀರ್ಮಾನಿಸಲಾಯಿತು. 1795ರ ಕಾನೂನು ಐವತ್ತಕ್ಕೂ ಹೆಚ್ಚು ಜನ ಸೇರುವ ಸಭೆಗಳ ಮೇಲೆ ಮ್ಯಾಜಿಸ್ಟ್ರೇಟರ ಕಣ್ಗಾವಲು ಇರಿಸಿತು. ಧಾನ್ಯದ ದಂಗೆಗಳ ವರ್ಷವೂ ಅದೇ ಎಂಬುದನ್ನು ಮರೆಯಬಾರದು.

ಸಂಪ್ರದಾಯವಾದ ಜನಪದ ಪ್ರಕಾರಗಳನ್ನು ಬಾಯಿಮುಚ್ಚಿಸಿದ್ದಷ್ಟೇ ಅಲ್ಲ, ಎರವಲು ಪಡೆದದ್ದೂ ಉಂಟು. ಬ್ರಿಸ್ಟಲ್ಲಿನ ಹನ್ನಾ ಮೋರ್ ಸಂತೆಯಲ್ಲಿ ಮಾರುವ ಚಿಲ್ಲರೆ ಪುಸ್ತಿಕೆಗಳನ್ನು ಅಭ್ಯಾಸ ಮಾಡಿ, ಅವುಗಳ ಮರದಚ್ಚಿನ ಚಿತ್ರ, ಉದ್ದದ ಶೀರ್ಷಿಕೆ, ಲಾವಣಿಯ ಮಟ್ಟು ಎಲ್ಲವನ್ನೂ ಅನುಕರಿಸಿ 1795ರಿಂದ ತನ್ನದೇ ಪುಸ್ತಿಕಾ ಮಾಲೆಯನ್ನು ಹೊರತಂದಳು. ಮೊದಲ ವರ್ಷದಲ್ಲೇ ಇಪ್ಪತ್ತು ಲಕ್ಷ ಪ್ರತಿಗಳು ಹರಿದುಹೋದವು. ಬಹುಪಾಲನ್ನು ಉಳ್ಳವರು ಸಗಟಾಗಿ ಕೊಂಡು ಬಡವರಿಗೆ ಹಂಚಿದರು ಎಂಬುದನ್ನು ಈ ಸಂಖ್ಯೆಯ ಜೊತೆಗೇ ಓದಬೇಕು. ಜ್ಯಾಕ್ ಎಂಬ ಕಮ್ಮಾರನೂ ಟಾಮ್ ಎಂಬ ಗಾರೆಯವನೂ ಮಾತಾಡಿಕೊಳ್ಳುವ ಅವಳ ಒಂದು ಲಾವಣಿಯ ವಿಷಯ ಧಾನ್ಯದ ದಂಗೆಯೇ. ಅರ್ಧ ರೊಟ್ಟಿಯೂ ಇಲ್ಲದಿರುವುದಕ್ಕಿಂತ ಅರ್ಧವಾದರೂ ಇರುವುದು ಲೇಸು ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಇದನ್ನು ನಕಲಿ ಜಾನಪದವೆಂದು ಪಟ್ಟಿಯಿಂದ ತೆಗೆದುಹಾಕುವುದು ಸರಿಯಲ್ಲ. ಅಕ್ಷರ ಕಲಿತ ಕೂಲಿಯವರ ಮನೆಯಲ್ಲಿ ಪೇನ್‌ನ ಪುಸ್ತಕವೂ ಮೋರ್‌ಳ ಪುಸ್ತಿಕೆಯೂ ಒಂದೇ ಗೂಡಿನಲ್ಲಿ ಇದ್ದಿರಬಹುದು. ಜನಪದರೆಲ್ಲ ಸ್ವಾತಂತ್ರ್ಯದ ಪರವೆಂದೂ ಭಾವಿಸಬೇಕಾಗಿಲ್ಲ. 1791ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಯ ಮನೆಯನ್ನು, ಗ್ರಂಥಭಂಡಾರವನ್ನು, ಪ್ರಯೋಗಶಾಲೆಯನ್ನು ನಾಶಮಾಡಿದ್ದು ದೇವರು-ದೊರೆಗಳ ಹೆಸರಿನಲ್ಲಿ ಕೂಗುತ್ತಿದ್ದ ಒಂದು ಜನಜಂಗುಳಿಯೇ. ಆ ಜಂಗುಳಿಯನ್ನು ಹಂದಿಯೆಂದು ಕರೆಯಬೇಕೆಂದು ಬರ್ಕ್‌ನಿಗೆ ಅನ್ನಿಸಲಿಲ್ಲ.

*

ನಮ್ಮ ಶಾಸ್ತ್ರಕ್ಕೆ ಹೆಸರು ಬಂದದ್ದು 1846ರಲ್ಲಿ, ವಿಲಿಯಂ ಥಾಮ್ಸ್ ಒಂದು ಪತ್ರಿಕೆಗೆ ಬರೆದ ಕಾಗದದಿಂದ. ಅದಕ್ಕೂ ಮೊದಲು, 1777ರಲ್ಲಿ, ಪಾದ್ರಿ ಜಾನ್ ಬ್ರಾಂಡ್ ಜನರ ಆಚರಣೆಗಳನ್ನು ಪ್ರಾಚೀನಾವಶೇಷಗಳೆಂದು ಕರೆದು ಪುಸ್ತಕ ಪ್ರಕಟಿಸಿದ್ದ. ಸುಗ್ಗಿಯ ಕೊನೆಯ ಸಿವುಡು, ಹುಲ್ಲಿನ ಗೊಂಬೆ, ಕೊಯ್ಲಿನ ಕೇಕೆ ಇವೆಲ್ಲ ಆ ಪರಂಪರೆಯ ಸಂಗ್ರಹಗಳಲ್ಲಿ ಆಸ್ಥೆಯಿಂದ ದಾಖಲಾದವು. ಅದೇ ಹೊಲದಲ್ಲಿ ಅದೇ ದಿನಗಳಲ್ಲಿ ನಡೆಯುತ್ತಿದ್ದ ಹಕ್ಕಲು ಹಕ್ಕಾಗಿ ದಾಖಲಾಗಲಿಲ್ಲ, ಮುದ್ದಾದ ದೃಶ್ಯವಾಗಿ ಉಳಿಯಿತು. ಆಚರಣೆಯನ್ನು ಅದರ ಹಕ್ಕಿನಿಂದ ಬಿಡಿಸಿ ಸಂಗ್ರಹಿಸುವ ಈ ಪದ್ಧತಿ ಬರ್ಕ್‌ನ ಪದ್ಧತಿಯ ಇನ್ನೊಂದು ಮುಖ. ರೂಢಿಯ ಚೆಲುವನ್ನು ಒಪ್ಪಿಕೊಳ್ಳುವುದು, ರೂಢಿಗರ ಸಾಕ್ಷ್ಯವನ್ನು ಒಪ್ಪದಿರುವುದು ಎರಡರಲ್ಲೂ ಇದೆ. ಕನ್ನಡ ಜಾನಪದದ ಸಂಗ್ರಹಗಳಲ್ಲಿ ಸುಗ್ಗಿ ಹಾಡುಗಳ ಪಕ್ಕದಲ್ಲಿ ಆ ಸುಗ್ಗಿಯ ರಾಶಿ ಹೇಗೆ ಹಂಚಿಕೆಯಾಯಿತು ಎಂಬ ಟಿಪ್ಪಣಿ ಎಷ್ಟು ಕಡೆ ಇದೆ ಎಂದು ಹುಡುಕಿ ನೋಡುವ ಕೆಲಸ ಸಂಶೋಧಕರಿಗೆ ಬಾಕಿ ಇದೆ.

1800ರಲ್ಲಿ, ಬರ್ಕ್‌ನ ನಿವೇದನೆ ಅಚ್ಚಾದ ವರ್ಷವೇ, ಜಾನ್ ರಸ್ಬಿ ಎಂಬ ಧಾನ್ಯ ವ್ಯಾಪಾರಿ ಓಟ್ಸನ್ನು ಕೊಂಡ ಮಾರುಕಟ್ಟೆಯಲ್ಲೇ ಅದೇ ದಿನ ಹೆಚ್ಚಿನ ಬೆಲೆಗೆ ಮರುಮಾರಾಟ ಮಾಡಿದ್ದಕ್ಕಾಗಿ ಲಾರ್ಡ್ ಕೆನ್ಯನ್‌ನ ನ್ಯಾಯಾಲಯದಲ್ಲಿ ತಪ್ಪಿತಸ್ಥನಾದ. ಶಾಸನಗಳು ರದ್ದಾಗಿ 28 ವರ್ಷಗಳಾಗಿದ್ದವು. ಸಾಮಾನ್ಯ ಕಾನೂನಿನಲ್ಲಿ ಆ ಅಪರಾಧ ಇನ್ನೂ ಉಳಿದಿದೆ ಎಂದು ಕೆನ್ಯನ್ ಜ್ಯೂರಿಗೆ ತಿಳಿಸಿದ್ದ. ಇತ್ತ ಹಕ್ಕಲು ಆಯುವವರು 1788ರ ತೀರ್ಪಿನ ಬಳಿಕವೂ ಹೊಲಗಳಿಗೆ ಇಳಿಯುತ್ತಲೇ ಇದ್ದರು. ಪೂರ್ವ ಇಂಗ್ಲೆಂಡಿನ ಹಲವು ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಬೆಳಿಗ್ಗೆ ಚರ್ಚಿನಿಂದ ಹಕ್ಕಲಿನ ಗಂಟೆ ಬಾರಿಸುತ್ತಿದ್ದರು. ಗಂಟೆಗೆ ಮೊದಲು ಯಾರೂ ಹೊಲಕ್ಕೆ ಕಾಲಿಡಬಾರದು, ಸಂಜೆಯ ಗಂಟೆಯ ನಂತರ ಯಾರೂ ಉಳಿಯಬಾರದು. ಕೆಲವೆಡೆ ಹೆಂಗಸರು ತಮ್ಮೊಳಗೊಬ್ಬಳನ್ನು ಹಕ್ಕಲಿನ ರಾಣಿಯೆಂದು ಆರಿಸಿಕೊಂಡು, ಸರದಿ ತಪ್ಪಿದವರನ್ನು ಅವಳ ಮುಂದೆ ನಿಲ್ಲಿಸುತ್ತಿದ್ದರು.